ಎರಡೂ ಕಿವಿ ಕಾಣಬೇಕು

ನನ್ನ ಗಂಡ ಭಾನುವಾರಕ್ಕೊಬ್ಬಳಂತೆ ಚೆಂದದ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು ಫೋಟೋ ತೆಗೆಯುತ್ತಿದ್ದರು. ಅದಕ್ಕಾಗಿ ಫೀಸನ್ನೂ ಕಟ್ಟಿದ್ದರು. ಆ ಹುಡುಗಿಯರಲ್ಲಿ ಒಬ್ಬಳಿಗೂ ಇವರು ತೆಗೆದ ಫೋಟೋ ಹಿಡಿಸುತ್ತಿರಲಿಲ್ಲ. ನಮ್ಮ ಕಾಲೊನಿಯ ಹೆಂಗಸರು ಮೊದಲ ಮಾತಿಗೇ ಮೂಗಿನ ಮೇಲೆ ಬೆರಳಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದದ್ದು ಕೊನೆಯ ಮಾತಿಗೆ.

ಅವರ ಹೆಸರು ಬಿಂದುಮಾಧವ, ಊರು ವಿಜಯಪುರದ ಕಡೆ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷದ ಸರ್ವಿಸು, ಅದರಲ್ಲಿ ಇಪ್ಪತ್ತೆರಡು ಮಹಾರಾಷ್ಟ್ರದಲ್ಲೇ ಸವೆದವು. ಸಟಾಣಾ, ನಾಶಿಕ್, ವೈಜಾಪುರ, ಮತ್ತೆ ನಾಶಿಕ್, ಈಗ ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಶಾಖೆ. ಮಗಳು ಶರ್ವಾಣಿಯ ಕಾಲೇಜು ನಾಶಿಕ್‌ನಲ್ಲಿ, ಹಾಗಾಗಿ ಅವಳೂ ನಾನೂ ಇಲ್ಲೇ ಇಂದಿರಾನಗರದ ಫ್ಲ್ಯಾಟಿನಲ್ಲಿ ಉಳಿದೆವು. ಅವರು ಚಿಕಲಠಾಣಾದಲ್ಲಿ ಬಾಡಿಗೆಗೆ ಒಂದು ಖೋಲಿ ಮಾಡಿಕೊಂಡರು. ಶನಿವಾರ ಬ್ಯಾಂಕು ಮುಗಿಸಿ ಎಸ್‌ಟಿ ಬಸ್ಸು ಹತ್ತುತ್ತಾರೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾರೆ. ನಡುವೆ ನನ್ನ ಪಾಲಿಗೆ ಇರುವುದು ಒಂದೇ ಭಾನುವಾರ. ಅದನ್ನೂ ಅವರು ಕ್ಯಾಮೆರಾಕ್ಕೆ ಕೊಟ್ಟರು.

ಅವರ ಕೆಲಸದ ಪದ್ಧತಿಯನ್ನು ಮೊದಲು ಹೇಳಬೇಕು. ಇಷ್ಟು ವರ್ಷವೂ ಅವರ ಟೇಬಲ್ಲಿಗೆ ಹೊಸ ಖಾತೆಯ ಫಾರ್ಮುಗಳು ಬರುತ್ತಿದ್ದವು, ಪ್ರತಿ ಫಾರ್ಮಿಗೂ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಹಿಂದೆ ಬಿಳಿ ಗೋಡೆ ಇರಬೇಕು, ನಗಬಾರದು, ನೇರ ನೋಡಿರಬೇಕು, ಎರಡೂ ಕಿವಿ ಕಾಣಬೇಕು. ಕೊನೆಯ ನಿಯಮ ಯಾವ ಸುತ್ತೋಲೆಯಲ್ಲಿತ್ತೋ ನನಗೆ ಗೊತ್ತಿಲ್ಲ, ಅವರಿಗೆ ಮಾತ್ರ ಅದು ವೇದವಾಕ್ಯ. ಒಂದು ಕಿವಿ ಸೆರಗಿನೊಳಗೋ ಕೂದಲಿನೊಳಗೋ ಅಡಗಿದ್ದರೆ, “ಬ್ಯಾರೆ ತೆಗೆಸಿಕೊಂಡು ಬರ್ರಿ” ಎಂದು ಮುಲಾಜಿಲ್ಲದೆ ವಾಪಸ್ಸು ಕಳಿಸುತ್ತಿದ್ದರು. ವೈಜಾಪುರದಲ್ಲಿ ಇವರನ್ನು ಜನ ಕಿವಿ ಸಾಹೇಬರು ಎನ್ನುತ್ತಿದ್ದರಂತೆ. ಅವರೇ ಹೇಳಿ ನಗುತ್ತಿದ್ದರು.

ಹೋದ ವರ್ಷ ಚಿಕಲಠಾಣಾ ಶಾಖೆಗೆ ಟ್ಯಾಬ್ಲೆಟ್ ಬಂತು. ಖಾತೆ ತೆರೆಯಲು ಬಂದವರ ಮುಖದ ಮುಂದೆ ಅದನ್ನು ಹಿಡಿದರೆ ಸಾಕು, ಫೋಟೋ ತಾನೇ ಹೋಗಿ ತನ್ನ ಜಾಗದಲ್ಲಿ ಕೂರುತ್ತದೆ. ಅಂಟು, ಕತ್ತರಿ, ವಾಪಸ್ಸು ಕಳಿಸುವುದು ಎಲ್ಲ ನಿಂತಿತು. ಅಂದಿನಿಂದ ಇವರು ಕೂತಲ್ಲಿ ಕೂರಲಿಲ್ಲ. ಮನೆಗೆ ಬಂದರೆ ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗಾಡುವುದು, ಟೀವಿ ಹಚ್ಚುವುದು, ಆರಿಸುವುದು. ಒಂದು ಭಾನುವಾರ ಚಪಾತಿ ಲಟ್ಟಿಸುತ್ತಿದ್ದೆ. ಬಂದು ಎದುರಿಗೆ ನಿಂತರು.

“ಮೃದುಲಾ, ನನ್ನ ಟೇಬಲ್ ಮ್ಯಾಲೆ ಎಷ್ಟು ಮಾರಿ ಬಂದು ಹೋಗಿರಬೇಕು? ಲಕ್ಷ ದಾಟ್ಯಾವ. ಒಂದೂ ನೆನಪಿಲ್ಲ ನೋಡು. ಎರಡೂ ಕಿವಿ ಕಾಣಸ್ತಾವೋ ಇಲ್ಲೋ, ಅಷ್ಟ ನೋಡೀನಿ.”

“ಹಂಗಂದ್ರ ಈಗೇನು ಮಾಡಬೇಕಂತೀರಿ?”

“ಒಂದ ಒಂದು ಮಾರಿ ಸರಿಯಾಗಿ ನೋಡಬೇಕು ಅನಸ್ತದ.”

ನನಗೆ ಮೈ ಉರಿದುಹೋಯಿತು. ಎದುರಿಗೆ ಹಿಟ್ಟು ಬಡಿದುಕೊಂಡು ನಿಂತವಳಿಗೆ ಮುಖವಿರಲಿಲ್ಲವೇ? ಲಟ್ಟಣಿಗೆಯ ಸಪ್ಪಳ ಸ್ವಲ್ಪ ಜಾಸ್ತಿ ಮಾಡಿದೆ. ಅದು ಅವರಿಗೆ ಕೇಳಿಸಲಿಲ್ಲ. ಮುಂದಿನ ವಾರ ಹೆಗಲಿಗೆ ಕ್ಯಾಮೆರಾ ಚೀಲ ಹಾಕಿಕೊಂಡೇ ಬಸ್ಸಿಳಿದರು.

ಕಾಲೇಜ್ ರಸ್ತೆಯಲ್ಲಿ ಒಂದು ಕೋಚಿಂಗ್ ಕ್ಲಾಸಿನ ಮೇಲಿನ ಮಹಡಿಯಲ್ಲಿ ಯಶವಂತ ಎಂಬ ಫೋಟೋಗ್ರಾಫರನ ಸ್ಟುಡಿಯೋ ಇದೆ. ಮದುವೆ ಸೀಸನ್ ಮುಗಿದ ಮೇಲೆ ಆತ ಹನ್ನೆರಡು ಭಾನುವಾರ ಮುಖಚಿತ್ರ ತೆಗೆಯುವುದನ್ನು ಕಲಿಸುತ್ತಾನೆ. ತಾಸಿನ ಲೆಕ್ಕದಲ್ಲಿ ಮಾಡೆಲ್ ಕರೆಸುತ್ತಾನೆ, ಐದು ಮಂದಿ ಕಲಿಯುವವರು ಸರದಿಯ ಮೇಲೆ ಅವರ ಫೋಟೋ ತೆಗೆಯಬೇಕು. ಅಲ್ಲಿನ ನಿಯಮ ಒಂದೇ. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ಫೋಟೋವನ್ನು ಹೆಸರಿಲ್ಲದೆ ಪರದೆಯ ಮೇಲೆ ಹಾಕಬೇಕು. ಐದರಲ್ಲಿ ಒಂದನ್ನು ಮಾಡೆಲ್ ಆರಿಸುತ್ತಾಳೆ. ಆರಿಸಿದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ತೆಗೆದವರ ಹೆಸರು ಬರೆದು, ಸ್ಟುಡಿಯೋದ ಗೋಡೆಗೆ ತೂಗುಹಾಕುತ್ತಾರೆ. ಯಶವಂತನ ಅಭಿಪ್ರಾಯ ಯಾರಿಗೂ ಬೇಕಾಗಿಲ್ಲ. ಮುಖ ಯಾರದೋ ಅವರದೇ ತೀರ್ಮಾನ.

ಹನ್ನೊಂದು ಭಾನುವಾರ ಕಳೆದವು. ಗೋಡೆಯ ಮೇಲೆ ಸಮೀರ ಎಂಬ ಹುಡುಗನ ಹೆಸರು ನಾಲ್ಕು ಸಲ ಬಂತು, ಉಳಿದ ಮೂವರದು ಎರಡು ಮೂರು ಸಲ. ಇವರದು ಒಂದು ಸಲವೂ ಬರಲಿಲ್ಲ. ಇಪ್ಪತ್ತಾರು ವರ್ಷ ಜನರ ಫೋಟೋ ವಾಪಸ್ಸು ಕಳಿಸಿದ ಮನುಷ್ಯನಿಗೆ ಈಗ ವಾರವಾರವೂ ಅದೇ ಉತ್ತರ ತಿರುಗಿ ಬರುತ್ತಿತ್ತು. ಒಂದಾದರೂ ಫೋಟೋ ಗೋಡೆಗೆ ಏರಲೇಬೇಕು ಎಂಬ ಹಟ ಅವರಿಗೆ ಹಿಡಿಯಿತು. ನಿದ್ದೆಯಲ್ಲಿ ಬಲಗೈ ತೋರುಬೆರಳು ಅಲ್ಲಾಡುತ್ತಿತ್ತು. ಊಟಕ್ಕೆ ಕೂತರೆ ನೀರಿನ ತಂಬಿಗೆಯನ್ನು ಕಿಟಕಿಯತ್ತ ಸರಿಸಿ ನೆರಳು ನೋಡುತ್ತಿದ್ದರು. ನನಗೂ ಆ ಚಡಪಡಿಕೆ ಅಂಟಿತು. ಭಾನುವಾರ ಅವರು ಹೊರಗೆ ಹೋದರೆ ನಾನು ಒಗೆದ ಬಟ್ಟೆಯನ್ನೇ ಮತ್ತೆ ಮಡಿಚುತ್ತಿದ್ದೆ, ಬಾಗಿಲಿಗೆ ಹೋಗಿ ಬರುತ್ತಿದ್ದೆ. ಅವರನ್ನು ಯಾರೂ ಆರಿಸದಿದ್ದರೆ ನನಗೇಕೆ ಅವಮಾನವಾಗಬೇಕು? ಆದರೂ ಆಗುತ್ತಿತ್ತು.

ಅವರ ತೊಂದರೆ ಏನೆಂದು ಶರ್ವಾಣಿ ಒಂದೇ ನೋಟಕ್ಕೆ ಹೇಳಿದಳು. ರುಚಿತಾ ಎಂಬ ಮಾಡೆಲಿನ ಫೋಟೋವನ್ನು ಅಪ್ಪ ಹೆಮ್ಮೆಯಿಂದ ತೋರಿಸಿದರು. ಸುಂದರವಾದ ಹುಡುಗಿ, ನೇರ ಕೂತಿದ್ದಾಳೆ, ತುಟಿ ಬಿಗಿದಿದ್ದಾಳೆ, ಎರಡೂ ಕಿವಿ ಕಾಣುತ್ತಿವೆ.

“ಪಪ್ಪಾ, ಹೇ ಆಧಾರ್ ಕಾರ್ಡ್ ಆಹೇ!” ಎಂದು ಮರಾಠಿಯಲ್ಲಿ ಕಿರುಚಿ ಸೋಫಾದ ಮೇಲೆ ಉರುಳಾಡಿ ನಕ್ಕಳು. ಆಮೇಲೆ ಪಾಪವೆನಿಸಿ ಕನ್ನಡಕ್ಕೆ ಬಂದಳು. “ಛಲೋ ಅದ ಪಪ್ಪಾ. ಖರೇನ ಛಲೋ ಅದ.”

ರುಚಿತಾಳೂ ಕಡಿಮೆಯವಳಲ್ಲ. ಇವರು ಕೌಂಟರಿನ ಹಿಂದೆ ನಿಂತವರ ದನಿಯಲ್ಲಿ “ಮ್ಯಾಡಮ್, ಇಕಡೆ ಬಘಾ,” ಈ ಕಡೆ ನೋಡಿ, ಎಂದು ಹತ್ತು ಸಲ ಹೇಳಿದ ಮೇಲೆ, “ಅಂಕಲ್, ಸಹಿ ಎಲ್ಲಿ ಹಾಕಲಿ?” ಎಂದು ಕೇಳಿದಳಂತೆ. ಇಡೀ ಸ್ಟುಡಿಯೋ ನಕ್ಕಿತು. ಯಶವಂತ ಮಾತ್ರ ನಗದೆ ಪ್ರತಿ ವಾರ ಅದೇ ಪಾಠ ಹೇಳುತ್ತಿದ್ದ. “ಕಾಕಾ, ಫೋಕಸ್ ಕಣ್ಣಿನ ಮೇಲೆ ಇರಲಿ. ನಿಮ್ಮದು ಯಾವಾಗಲೂ ಕಿವಿಗೆ ಓಡುತ್ತದೆ. ಕಣ್ಣು ಮಸುಕಾದರೆ ಮುಖಚಿತ್ರ ಸತ್ತ ಹಾಗೆ.”

ನಡುವೆ ಒಮ್ಮೆ ಶರ್ವಾಣಿಯನ್ನು ಕರೆದುಕೊಂಡು ಸಂಭಾಜಿನಗರಕ್ಕೆ ಹೋಗಿದ್ದೆ. ಖೋಲಿಯ ಮಾಲಕಿ ಬೀದರ ಕಡೆಯ ಕಸ್ತೂರಿಬಾಯಿ, ಗಂಡನದು ಅಲ್ಲೇ ಕಿರಾಣಿ ವ್ಯಾಪಾರ. ನನ್ನನ್ನು ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದರು.

“ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮನಿಯೋರು ಸಂಜಿಮುಂದ ತೆಂಗಿನಕಾಯಿ ಜೋಡಿ ಮಾತಾಡ್ತಾರ್ರಿ. ‘ಮ್ಯಾಡಮ್, ಸ್ವಲ್ಪ ಮಾರಿ ಎತ್ರಿ’ ಅಂತಾರ. ನಾ ನನ್ನ ಕಿವೀಲೆ ಕೇಳೀನ್ರಿ.”

ಒಳಗೆ ನೋಡಿದರೆ ಹೌದು. ಗೋಡೆಗೆ ನನ್ನದೇ ಬಿಳಿ ಚಾದರ ಕಟ್ಟಿದ್ದಾರೆ. ಸ್ಟೂಲಿನ ಮೇಲೆ ಜುಟ್ಟು ತೆಗೆದ ತೆಂಗಿನಕಾಯಿ, ಮಗ್ಗುಲಿಗೆ ಟೇಬಲ್ ದೀಪ. ಕಣ್ಣಿನ ಮೇಲೆ ಫೋಕಸ್ ಹಿಡಿಯುವ ಅಭ್ಯಾಸವಂತೆ. ತೆಂಗಿನಕಾಯಿಗೆ ಕಣ್ಣು ಮೂರು, ಕಿವಿ ಒಂದೂ ಇಲ್ಲ. ಹಾಗಾಗಿ ಅದರ ಫೋಟೋಗಳು ಬಹಳ ಚೆನ್ನಾಗಿ ಬಂದಿದ್ದವು. ಅದನ್ನು ಅವತ್ತೇ ಒಡೆದು ಚಟ್ನಿ ಮಾಡಿಟ್ಟು ಬಂದೆ. ಅವರು ಪಾಪ, ಅದನ್ನೇ ಹಚ್ಚಿಕೊಂಡು ಊಟ ಮಾಡಿದರು.

ಹನ್ನೆರಡನೆಯ ಭಾನುವಾರ ನಾನೂ ಸ್ಟುಡಿಯೋಕ್ಕೆ ಹೊರಟೆ. ಈ ಪೀಡೆ ಮುಗಿಯುವುದನ್ನು ಕಣ್ಣಾರೆ ನೋಡಬೇಕಿತ್ತು. ಜತೆಗೆ, ಸುಳ್ಳೇಕೆ ಹೇಳಲಿ, ಆ ಹುಡುಗಿಯರನ್ನೂ ನೋಡಬೇಕಿತ್ತು. ರಿಕ್ಷಾದಲ್ಲಿ ಇವರ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಕೈಯಿಟ್ಟು ಅದುಮಿದೆ. ತೆಗೆದ ಕೂಡಲೇ ಮತ್ತೆ ಕುಣಿಯಿತು.

ಅವತ್ತು ಬರಬೇಕಾಗಿದ್ದವಳು ರುಚಿತಾ. ಜ್ವರ ಬಂದಿದೆ, ಬರಲಾಗುವುದಿಲ್ಲ ಎಂದು ಫೋನು ಬಂತು. ಲೈಟುಗಳನ್ನು ಹೊಂದಿಸಿಯಾಗಿತ್ತು, ಐವರೂ ಕ್ಯಾಮೆರಾ ಹಿಡಿದು ನಿಂತಿದ್ದರು. ಯಶವಂತ ಸುತ್ತ ಕಣ್ಣಾಡಿಸಿದ, ಮೂಲೆಯಲ್ಲಿ ಕೂತ ನಾನು ಸಿಕ್ಕೆ.

“ಕಾಕು, ನೀವೇ ಕೂತುಬಿಡಿ.”

ನಾನು ಒಲ್ಲೆನೆಂದೆ. ಇವರು ನನ್ನತ್ತ ನೋಡಿದರು. ಇನ್ನೊಂದು ವಾರ ಇಲ್ಲ, ಇದೇ ಕೊನೆ, ನೀನು ಕೂತರೆ ಉಂಟು ಎಂಬುದೆಲ್ಲ ಆ ನೋಟದಲ್ಲಿತ್ತು. ಎದ್ದು ಹೋಗಿ ಕೂತೆ. ನಲವತ್ತೊಂಬತ್ತರ ವಯಸ್ಸಿಗೆ ನಾನು ಮಾಡೆಲ್ ಆದೆ.

ಮೊದಲ ನಾಲ್ವರು ತಮ್ಮ ತಮ್ಮ ಹತ್ತು ನಿಮಿಷದ ಕೆಲಸ ಮುಗಿಸಿದರು. ನಾನು ಯಾರೂ ಹೇಳದೆಯೇ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು, ಕೂದಲನ್ನು ಎಡಗಿವಿಯ ಮೇಲೆ ಇಳಿಬಿಟ್ಟು ಕೂತಿದ್ದೆ. ಅದು ನನ್ನ ಹಳೆಯ ರೂಢಿ. ಮದುವೆ ಮುಂಜಿಗಳಲ್ಲಿ ಯಾರು ಫೋಟೋ ಹೊಡೆದರೂ ನನ್ನ ಬಲಗಡೆಯೇ ಬರುತ್ತದೆ. ಸಮೀರ ಚೂಟಿ ಹುಡುಗ. ಇವತ್ತು ಮನೆಯಲ್ಲಿ ಏನು ಅಡುಗೆ ಎಂದು ಕೇಳಿ, ತೆಂಗಿನಕಾಯಿಯ ಕಥೆ ನನ್ನಿಂದ ಹೊರಡಿಸಿ, ನಾನು ನಗುವಾಗ ಕ್ಲಿಕ್ ಮಾಡಿದ.

ಕೊನೆಗೆ ಇವರು ಬಂದರು. ಕ್ಯಾಮೆರಾದ ಹಿಂದೆ ಬಗ್ಗಿದರು, ಎದ್ದರು, ಸ್ಟ್ಯಾಂಡಿನ ಕಾಲು ಸರಿಸಿದರು, ಮತ್ತೆ ಬಗ್ಗಿದರು. ಹತ್ತರಲ್ಲಿ ಆರು ನಿಮಿಷ ಹೀಗೇ ಹೋಯಿತು.

“ಮೃದುಲಾ, ನೀಟ ನೋಡು.”

ನೋಡಿದೆ.

“ಎಡಗಿವಿ ಕಾಣವಲ್ದು. ಕೂದಲಾ ಹಿಂದ ಸರಸು.”

ಹನ್ನೆರಡು ವಾರದ ಸಿಟ್ಟು ಆ ಮಾತಿಗೆ ನೆತ್ತಿಗೇರಿತು. ಲಕ್ಷ ಜನರಿಗೆ ಹೇಳಿದ್ದನ್ನೇ ನನಗೂ ಹೇಳುತ್ತಿದ್ದಾರೆ, ಅದೂ ಆ ಕಿವಿಯ ಬಗ್ಗೆ. “ತೊಗೊಳ್ರಿ, ಕಣ್ಣು ತುಂಬ ನೋಡ್ರಿ” ಎಂದು ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದೆ.

ಅವರು ಕಣ್ಣು ಹಚ್ಚಿದರು. ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ತಲೆಯನ್ನು ಕ್ಯಾಮೆರಾದ ಪಕ್ಕಕ್ಕೆ ತಂದು ನನ್ನನ್ನು ನೋಡಿದರು, ಮತ್ತೆ ಒಳಗೆ ನೋಡಿದರು.

“ನಿನ್ನ ಕಿವಿಗೆ ಏನಾಗೇದ?”

ಅಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ದನಿ ಮಾತ್ರ ಎಲ್ಲರಿಗೂ ತಿಳಿಯಿತು.

“ಶರ್ವಾಣಿ ಎಳದಿದ್ದು,” ಎಂದೆ. “ಎಂಟು ತಿಂಗಳ ಕೂಸು ಇದ್ಳು. ಕಿವ್ಯಾಗಿನ ಬೆಂಡ್ವಾಲಿ ಹಿಡದು ಜಗ್ಗಿದ್ಳು, ಕಿವಿ ಹಾಲಿ ಹರೀತು. ನೀವು ಸಟಾಣಾದಾಗ ಇದ್ರಿ. ಫೋನ್ ಮಾಡಿ ಹೇಳಿದ್ದೆ. ಮಾರ್ಚ್ ಎಂಡ್ ಅದ, ಆಮ್ಯಾಲೆ ಮಾತಾಡ್ತೀನಿ ಅಂದಿದ್ರಿ.”

ಹೇಳುತ್ತಿರುವಾಗಲೇ ಕ್ಲಿಕ್ ಎಂದಿತು. ಬೇಕೆಂದು ಒತ್ತಿದರೋ, ಕೈ ತಾನೇ ಒತ್ತಿತೋ, ಇವತ್ತಿಗೂ ಅವರಿಗೇ ಗೊತ್ತಿಲ್ಲ. ಆಮೇಲೆ ಇನ್ನೊಂದು ತೆಗೆಯಲಿಲ್ಲ. ಸಮಯ ಉಳಿದಿದ್ದರೂ ಪಕ್ಕಕ್ಕೆ ಸರಿದು ನಿಂತರು.

ಪರದೆಯ ಮೇಲೆ ಐದು ಫೋಟೋ ಬಂದವು. ನಾಲ್ಕರಲ್ಲಿ ನಾನು ಚೆನ್ನಾಗಿದ್ದೆ. ಸಮೀರನದರಲ್ಲಂತೂ ಇವಳು ಯಾರಪ್ಪ ಎನ್ನುವಷ್ಟು ಚೆನ್ನಾಗಿದ್ದೆ. ಐದನೆಯದರಲ್ಲಿ ಸಿಟ್ಟು ಬಂದ ಒಬ್ಬ ಹೆಂಗಸು. ಬಾಯಿ ಅರ್ಧ ತೆರೆದಿದೆ, ಕಣ್ಣು ಸ್ವಲ್ಪ ಮಂಜು ಮಂಜು. ಎಡಗಿವಿಯ ಹಾಲೆ ಎರಡು ಸೀಳಾಗಿ ಕೂಡಿಕೊಂಡ ಗೆರೆ, ಅದರ ಮೇಲ್ಗಡೆ ಮತ್ತೆ ಚುಚ್ಚಿಸಿಕೊಂಡ ತೂತು, ಎಲ್ಲ ಎಣಿಸಬಹುದಾದಷ್ಟು ಸ್ಪಷ್ಟ. ಇಪ್ಪತ್ತು ವರ್ಷ ನಾನು ಬಾಚಣಿಗೆ ಹಿಡಿದು ಮುಚ್ಚಿದ್ದು ಗೋಡೆಯಗಲಕ್ಕೆ ನಿಂತಿತ್ತು.

ಹೆಸರಿರಲಿಲ್ಲ, ಆದರೆ ಅದು ಯಾರದೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ನನ್ನನ್ನು ನೋಡಲಿಲ್ಲ. ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ನಾನು ಅದರತ್ತ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ಅವರ ಹನ್ನೆರಡು ವಾರ ಸಾರ್ಥಕವಾಗುತ್ತಿದ್ದವು. ಆದರೆ ಕಾಲೇಜ್ ರಸ್ತೆಯ ಗೋಡೆಯ ಮೇಲೆ, ಕಂಡಕಂಡವರ ಎದುರಿಗೆ ಆ ಕಿವಿ? ನನ್ನಿಂದಾಗಲಿಲ್ಲ. ಸಮೀರನದನ್ನು ತೋರಿಸಿದೆ.

ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಇವರೇ. “ಛಲೋ ಬಂದದ, ಅದು ಭಾಳ ಛಲೋ ಬಂದದ” ಎಂದು ರಿಕ್ಷಾದಲ್ಲಿ ಎರಡು ಸಲ ಹೇಳಿದರು. ಮೊಣಕಾಲು ಕುಣಿಯುವುದು ನಿಂತಿತ್ತು. ಅದು ಕುಣಿಯಲಿ ಎಂದು ನಾನು ಮನೆ ಮುಟ್ಟುವವರೆಗೂ ಅದನ್ನೇ ನೋಡುತ್ತಿದ್ದೆ.

ಸೋಮವಾರ ಎಂದಿನಂತೆ ಹೊರಟುಹೋದರು. ಕ್ಯಾಮೆರಾ ಚೀಲವನ್ನು ಕಪಾಟಿನ ಮೇಲೆ ಇಟ್ಟಿದ್ದರು. ನಾನು ಡಬ್ಬಿಗಳನ್ನು ಇಳಿಸಿ ಒರೆಸಿದೆ, ಏರಿಸಿದೆ, ಮತ್ತೆ ಇಳಿಸಿದೆ. ಎಂಟೂವರೆಗೆ ಫೋನು ಬಂತು. ಬಸ್ಸು ವೈಜಾಪುರದಲ್ಲಿ ಚಹಾಕ್ಕೆ ನಿಂತಿತ್ತು, ಹಿಂದೆ ಕಂಡಕ್ಟರನ ಕೂಗು ಕೇಳುತ್ತಿತ್ತು.

“ಎಷ್ಟು ಹೊಲಿಗಿ ಹಾಕಿದ್ರು?”

ಏನು ಕೇಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. “ಮೂರು” ಎಂದೆ.

“ಯಾರು ಕರಕೊಂಡು ಹೋಗಿದ್ರು?”

“ಯಾರಿದ್ರು? ಒಬ್ಬಾಕಿನ ಹೋಗಿದ್ದೆ.”

“ಕೂಸು?”

“ಬಗಲಾಗಿತ್ತು. ಅಕಿನೂ ಅಳ್ತಿದ್ಳು.”

ಹಾರ್ನ್ ಕೇಳಿಸಿತು. “ಗಾಡಿ ಬಿಡ್ಲಿಕ್ಕೆ ಹತ್ತೇದ” ಎಂದು ಫೋನು ಇಟ್ಟರು. ಫೋನನ್ನು ಯಾವ ಕಿವಿಗೆ ಹಿಡಿದಿದ್ದೇನೆ ಎಂದು ಆಗ ನೋಡಿಕೊಂಡೆ. ಎಡಗಿವಿಗೇ ಹಿಡಿದಿದ್ದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಸೀರೆ ಬದಲಿಸಿ ಬಸ್ಸು ಹಿಡಿದು ಸ್ಟುಡಿಯೋಕ್ಕೆ ಹೋದೆ. ಯಶವಂತ ಒಬ್ಬನೇ ವಡಾಪಾವ್ ತಿನ್ನುತ್ತ ಕೂತಿದ್ದ. ನಾನು ಆರಿಸಿದ್ದನ್ನು ಬದಲಿಸಬೇಕು ಎಂದೆ, ಐದನೆಯದು ಬೇಕು ಎಂದೆ. ಆತ ಕೈ ಒರೆಸಿಕೊಂಡು, ಕಂಪ್ಯೂಟರಿನಲ್ಲಿ ಆ ಫೋಟೋ ತೆಗೆದು, ನನಗೆ ಪಾಠ ಮಾಡಲು ಶುರುಮಾಡಿದ.

“ಕಾಕು, ಇದರಲ್ಲಿ ಕಣ್ಣು ಮಸುಕು. ಫೋಕಸ್ ಪೂರಾ ಕಿವಿಯ ಮೇಲೆ ಬಿದ್ದಿದೆ. ಇದನ್ನು ತೂಗುಹಾಕಿದರೆ ಹೊಸಬರು ನನ್ನನ್ನು ಕೇಳುತ್ತಾರೆ.”

“ಆರಿಸುವವರು ಯಾರು ಅಂತ ನಿಮ್ಮ ನಿಯಮ?”

“ಕೂತವರು.”

“ಕೂತವಳು ನಾನು.”

ಆತ ಐದನೆಯದನ್ನು ಪ್ರಿಂಟಿಗೆ ಗುರುತು ಹಾಕಿಕೊಂಡ. ಸಮೀರನ ಬಗ್ಗೆ ಕೆಡುಕೆನಿಸಿತು, ಆದರೆ ಅವನವು ನಾಲ್ಕು ಆಗಲೇ ಗೋಡೆಯ ಮೇಲಿದ್ದವು. ಹೊರಗೆ ಬಂದೆ. ರಸ್ತೆಯಲ್ಲಿ ಹೋಗುವವರೆಲ್ಲ ನನ್ನ ಕಿವಿಯನ್ನೇ ನೋಡುತ್ತಿದ್ದಾರೆ ಎನ್ನಿಸಿತು. ವಾರವಿಡೀ ಹೀಗೇ. ಎರಡು ಸಲ ಬೇಡವೆಂದು ಹೇಳಲು ಫೋನು ಎತ್ತಿದೆ, ಇಟ್ಟೆ. ಅವರಿಗೆ ಹೇಳಲಿಲ್ಲ.

ಭಾನುವಾರ ಸರ್ಟಿಫಿಕೇಟ್ ಕೊಡುತ್ತಾರೆಂದು ಅವರು ಒಲ್ಲದ ಮನಸ್ಸಿನಿಂದ ಹೋದರು. ತಾಸಿನೊಳಗೆ ವಾಪಸ್ಸು ಬಂದರು. ನಾನು ಒಲೆಯ ಮುಂದಿದ್ದೆ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು, ಸೋಫಾದ ತನಕ ಹೋದರು, ಮತ್ತೆ ಬಂದು ನಿಂತರು.

“ಮೃದುಲಾ, ಗೋಡಿ ಮ್ಯಾಲೆ ನಂದು ಹಾಕ್ಯಾರ, ಅದರಾಗ ಫೋಕಸ್ ತಪ್ಪೇದ. ಕಣ್ಣು ಸರಿ ಬಂದಿಲ್ಲ. ಕಿವಿ ಒಂದ ಸ್ವಚ್ಛ ಬಂದದ.”

“ಗೊತ್ತದ. ಅದಕ್ಕ ಆರಿಸೀನಿ.”

ಅವರು ಒಳಗೆ ಬಂದು ನನ್ನ ಎಡಗಡೆ ನಿಂತರು. ಕೂದಲನ್ನು ತಾವೇ ಹಿಂದೆ ಸರಿಸಿದರು. ಕ್ಯಾಮೆರಾ ಇರಲಿಲ್ಲ, ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು.

“ಭಾಳ ನೋವಾಗಿತ್ತೇನು?”

ಅವತ್ತು ಇದನ್ನು ಡಾಕ್ಟರು ಕೇಳಿರಲಿಲ್ಲ, ಮನೆಯ ಮಾಲಕರು ಕೇಳಿರಲಿಲ್ಲ, ಊರಿಂದ ಬಂದ ಅತ್ತೆ ಬಂಗಾರ ಕಳೆಯಲಿಲ್ಲ ತಾನೇ ಎಂದು ಮಾತ್ರ ಕೇಳಿದ್ದರು.

“ಹೂಂರಿ,” ಎಂದೆ. “ಭಾಳ ನೋವಾಗಿತ್ತು.” ಹೇಳಿದ ಮೇಲೆ ನನಗೆ ಅಳು ಬಂತು.